ಒಂದು ಬೊಗಸೆ ಚುಕ್ಕಿ

ನನ್ನ ಕೈ ಚಿಕ್ಕದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೇರೆ ಊರುಗಳಲ್ಲಿ ಹೆಂಗಸಿನ ಕೈ ಚಿಕ್ಕದಾದರೆ ಬಳೆ ತೊಡಿಸುವವನಿಗೆ ಸುಲಭ, ಅಷ್ಟೇ. ನಮ್ಮೂರಿನಲ್ಲಿ ಹಾಗಲ್ಲ. ಇಲ್ಲಿ ಮದುವೆಯ ದಿನ ಹೆಣ್ಣು ಊರಾಚೆಯ ಮಂಜಿನ ಬಾವಿಗೆ ಹೋಗಿ, ಬಗ್ಗಿ, ಎರಡೂ ಕೈ ಜೋಡಿಸಿ ಒಂದೇ ಒಂದು ಬೊಗಸೆ ಮಂಜು ಎತ್ತಿಕೊಳ್ಳಬೇಕು. ಅದನ್ನು ಗಂಡನ ಮನೆಗೆ ತಂದು ಒಲೆಗೆ ಸುರಿದರೆ ಒಳಗೊಳಗೇ ಕುಗ್ಗಿ, ಸುತ್ತಿ ಸುತ್ತಿ ಉಂಡೆಯಾಗಿ, ಮೂರನೆಯ ದಿನ ತಾನಾಗಿ ಹೊತ್ತಿಕೊಳ್ಳುತ್ತದೆ. ಅದು ಅವಳ ಚುಕ್ಕಿ. ಇನ್ನು ಅಡುಗೆಯೆಲ್ಲ ಅದರ ಮೇಲೆ. ಬೊಗಸೆಯಲ್ಲಿ ಎಷ್ಟು ಹಿಡಿಯಿತೋ ಅಷ್ಟು ದೊಡ್ಡ ಚುಕ್ಕಿ, ಎರಡನೆಯ ಸಲ ಬಾವಿಗೆ ಕೈ ಹಾಕುವಂತಿಲ್ಲ.

ತಾಯಿಯಾದವಳು ಮಗಳ ಬೊಗಸೆಯ ಕೆಳಗೆ ತನ್ನ ಬೊಗಸೆ ಹಿಡಿಯುತ್ತಾಳೆ. ಬೆರಳ ಸಂದಿಯಲ್ಲಿ ಸೋರಿದ್ದು, ಅಂಚಿನಿಂದ ತುಳುಕಿದ್ದು ಅವಳ ಕೈಗೆ ಬೀಳುತ್ತದೆ. ಅದೂ ಮಗಳಿಗೇ ಸೇರುತ್ತದೆ. ಅದಕ್ಕೆ ಅಡಿಗೈ ಕೊಡುವುದು ಅನ್ನುತ್ತಾರೆ. ನನಗೆ ಅಡಿಗೈ ಕೊಟ್ಟ ನಮ್ಮವ್ವನ ಕೈ ನನ್ನದಕ್ಕಿಂತ ಒಂದು ಬೆರಳಗಲ ಚಿಕ್ಕದು. ಹೀಗಾಗಿ ನನ್ನ ಒಲೆಯಲ್ಲಿ ಹೊತ್ತಿಕೊಂಡದ್ದು ಕುಂಕುಮದ ಬೊಟ್ಟಿನಷ್ಟು ದೊಡ್ಡ ಒಂದು ಕೆಂಪು ಚುಕ್ಕಿ. ಮೂರನೆಯ ದಿನ ನೋಡಲು ಬಂದ ನಮ್ಮತ್ತೆ ಕೆಂಪಾಜಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇದೇನವ್ವ, ಒಲೆಯೋ ಊದುಬತ್ತಿಯೋ?" ಅಂದರು. ಅಂದು ಅಂದದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ನನ್ನ ಒಲೆಯ ಮೇಲೆ ಕೋಳಿ ಕೂಗುವಾಗ ಹಾಲಿಟ್ಟರೆ ಮಧ್ಯಾಹ್ನಕ್ಕೆ ಉಕ್ಕುತ್ತಿತ್ತು. ಮುದ್ದೆಯ ಎಸರಿಗೆ ಅರ್ಧ ದಿನ. ನನ್ನ ಗಂಡ ಒಳ್ಳೆಯವನು, ಅಂದರೆ ಹಸಿವು ತಡೆಯುವವನು. ಎರಡು ವರ್ಷ ಹೀಗೇ ನಡೆಯಿತು. ನನಗೂ ಏನೂ ಅನಿಸುತ್ತಿರಲಿಲ್ಲ. ಇಲ್ಲದವಳಿಗೆ ಇಲ್ಲದ್ದು ಗೊತ್ತಾಗಬೇಕಾದರೆ ಇದ್ದವಳು ಪಕ್ಕದಲ್ಲಿ ಬಂದು ಕೂರಬೇಕಲ್ಲ, ಹಾಗೆ ಬಂದು ಕೂತವಳು ನನ್ನ ಮೈದುನನ ಹೆಂಡತಿ ಸಿಂಗಾರಮ್ಮ.

ಅವಳ ಕೈಯನ್ನು ನಾನು ಮೊದಲು ನೋಡಿದ್ದು ಬಾವಿಯ ಕಟ್ಟೆಯ ಮೇಲೆ. ಕೈಯಲ್ಲ ಅವು, ಎರಡು ಮೊರ. ಅವಳ ತಾಯಿಯ ಕೈಯೂ ಹಾಗೆಯೇ. ಬಾವಿ ಕಾಯುವ ಮುದ್ದಜ್ಜ, "ಸಾಕವ್ವ, ಬಾವಿ ಒಸಿ ಉಳಿಸು," ಎಂದು ನಕ್ಕ. ಅವಳ ಚುಕ್ಕಿ ಮೂರು ದಿನ ಕಾಯಲಿಲ್ಲ. ಬೆಳಿಗ್ಗೆ ಸುರಿದದ್ದು ಸಂಜೆಗೆ ಹೊತ್ತಿಕೊಂಡಿತು, ಅದೂ ನೀಲಿ ಮಿಶ್ರಿತ ಬಿಳುಪು. ಅಕ್ಕಿ ತೊಳೆದು ತಿರುಗುವಷ್ಟರಲ್ಲಿ ನೀರು ಮರಳುತ್ತಿತ್ತು. ಹತ್ತಿರ ಹೋಗಲಾಗದೆ ಅವಳು ಮಾರುದ್ದದ ಸೌಟು ಮಾಡಿಸಿಕೊಂಡಳು. ಹುಬ್ಬು ಸುಟ್ಟುಕೊಂಡಳು. ಹುಬ್ಬಿಲ್ಲದೆಯೂ ಚೆನ್ನಾಗಿ ಕಾಣುತ್ತಿದ್ದಳು, ಅದು ಬೇರೆ ನನ್ನ ಕರ್ಮ.

ಒಂದೇ ಮನೆ, ನಡುವೆ ಒಂದು ಮೋಟುಗೋಡೆ. ಆಚೆ ಅವಳ ಒಲೆ, ಈಚೆ ನನ್ನ ಒಲೆ. ಅವಳ ಚುಕ್ಕಿಯ ಬೆಳಕು ಗೋಡೆ ಹಾರಿ ಬಂದು ನನ್ನ ಒಲೆಯ ಮೇಲೆ ಬೀಳುತ್ತಿತ್ತು. ಆ ಬೆಳಕಿನಲ್ಲಿ ನನ್ನ ಚುಕ್ಕಿ ಉರಿಯುತ್ತಿದೆಯೋ ಆರಿದೆಯೋ ನನಗೇ ಗೊತ್ತಾಗುತ್ತಿರಲಿಲ್ಲ. ಬೀದಿಯವರೆಲ್ಲ ಅವಳಲ್ಲಿಗೇ ಬರುತ್ತಿದ್ದರು. ಯುಗಾದಿಯ ದಿನ ಇಡೀ ಬೀದಿಯ ಒಬ್ಬಟ್ಟನ್ನು ಅವಳೊಬ್ಬಳೇ ಬೆಳಗಿನ ಹೊತ್ತಿನಲ್ಲಿ ಬೇಯಿಸಿ ಮುಗಿಸುತ್ತಿದ್ದಳು. ಆಮೇಲೆ ಬೆವರು ಒರೆಸಿಕೊಳ್ಳುತ್ತಾ ಮೋಟುಗೋಡೆಯ ಮೇಲಿಂದ ತಟ್ಟೆ ನೀಡುತ್ತಿದ್ದಳು. "ಅಕ್ಕಾ, ಬಿಸಿಯಾಗೇ ಅದೆ, ತಿನ್ನು." ಅವಳು ಜಂಬ ಮಾಡಿದ್ದರೆ ಸುಖವಾಗಿ ಬೈದುಕೊಂಡು ಇರುತ್ತಿದ್ದೆ. ಅವಳು ಒಳ್ಳೆಯವಳು. ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಪಟ್ಟವರಿಗೇ ಗೊತ್ತು.

ನನ್ನದು ಅಂತ ಹೇಳಿಕೊಳ್ಳಲು ಒಂದೇ ಒಂದು ಹೆಚ್ಚುಗಾರಿಕೆ ಇತ್ತು. ಅವಳಿಗೆ ಮಕ್ಕಳಾಗಲಿಲ್ಲ. ನನಗೆ ಮಗಳಿದ್ದಳು, ಚೆಲುವಿ. ಅವಳಿಗೆ ಎಂಟು ವರ್ಷವಾದಾಗ ಒಂದು ದಿನ ತನ್ನ ತಟ್ಟೆ ಎತ್ತಿಕೊಂಡು ಹೊರಟಳು. ಎಲ್ಲಿಗೆ ಎಂದರೆ, "ನಿನ್ನ ಒಲೆ ಮುಂದೆ ಕೂತ್ರೆ ನಿದ್ದೆ ಬತ್ತದೆ ಕಣವ್ವ. ಚಿಕ್ಕವ್ವನ ಒಲೆ ತಾವ ಓಯ್ತೀನಿ," ಅಂದಳು. ಹೋದವಳು ಊಟಕ್ಕೆ ಅಲ್ಲಿಯೇ ಕೂರತೊಡಗಿದಳು. ನಾನು ಮಾಡಿದ ಸಾರು ನನ್ನ ಮಗಳಿಗೆ ಕಾಯುತ್ತಾ ಮಡಕೆಯಲ್ಲಿಯೇ ಇರುತ್ತಿತ್ತು. ಗೋಡೆಯಾಚೆ ಇಬ್ಬರೂ ನಗುವುದು ಕೇಳುತ್ತಿತ್ತು. ಹೊಟ್ಟೆ ಉರಿ ಅನ್ನುತ್ತಾರಲ್ಲ, ನನ್ನ ಒಲೆಯಲ್ಲಿ ಇಲ್ಲದ ಉರಿಯೆಲ್ಲ ಆಗ ನನ್ನೊಳಗೇ ಇತ್ತು.

ಚುಕ್ಕಿಗಳ ಸಾವಿನ ಬಗ್ಗೆ ನಮ್ಮತ್ತೆ ನನಗೆ ಹೇಳಿದ್ದರು. ಅವರದು ನಡುತರದ ಹಳದಿ ಚುಕ್ಕಿಯಾಗಿತ್ತು. ಮೂವತ್ತೈದು ವರ್ಷ ಮನೆಗೆ ಬೇಯಿಸಿ ಹಾಕಿ, ಕಡೆಗೆ ಕೆಂಪಗೆ ಊದಿಕೊಂಡು, ಈರುಳ್ಳಿಯಂತೆ ಒಂದೊಂದೇ ಸಿಪ್ಪೆ ಬಿಟ್ಟು, ನೆಲ್ಲಿಕಾಯಿ ಗಾತ್ರದ ಬಿಳಿ ಗುಂಡಾಗಿ ಉಳಿದಿತ್ತು. ಆ ಗುಂಡನ್ನು ಎಂಟು ಜನ ಸೇರಿ ಎತ್ತಿದರೂ ಅಲುಗಲಿಲ್ಲ. ಒಲೆ ಒಡೆದು ಗೋಡೆ ಸರಿಸಿ ಅದರ ಮೇಲೆಯೇ ಬಚ್ಚಲು ಕಟ್ಟಿದರು. ಇವತ್ತಿಗೂ ನಮ್ಮ ಹಂಡೆಯ ನೀರು ಅದರ ಕಾವಿನಿಂದಲೇ ಕಾಯುತ್ತದೆ. ಚುಕ್ಕಿ ಕಳೆದುಕೊಂಡ ಹೆಂಗಸಿಗೆ ನಮ್ಮೂರಿನಲ್ಲಿ ಇನ್ನೊಂದು ಕೊಡುವುದಿಲ್ಲ. ಮನೆಯ ಇನ್ನೊಬ್ಬ ಹೆಂಗಸಿನ ಒಲೆಯ ಮುಂದೆ ಕೂತು ಉಣ್ಣಬೇಕು. ಅತ್ತೆ ಉಣ್ಣುತ್ತಿದ್ದದ್ದೂ ಸಿಂಗಾರಿಯ ಒಲೆಯ ಮುಂದೆಯೇ.

ನನ್ನಂಥ ಕೆಂಪು ಚುಕ್ಕಿ ಸತ್ತದ್ದನ್ನು ಮಾತ್ರ ಊರಲ್ಲಿ ಕಂಡವರಿಲ್ಲ. ಒಡತಿಯರು ಸಾಯುತ್ತಾರೆ, ಅವು ಉರಿಯುತ್ತಿರುತ್ತವೆ. ಅಂಥ ಒಲೆಗಳನ್ನೆಲ್ಲ ಊರ ಬಡಗಣ ಓಣಿಯಲ್ಲಿ ಸಾಲಾಗಿ ಇಟ್ಟಿದ್ದಾರೆ. ಹೆಸರು ಗೊತ್ತಿಲ್ಲದ ಮುತ್ತಜ್ಜಿಯರ ಒಲೆಗಳು, ಮೇಲೊಂದು ಮಡಕೆಯೂ ಇಲ್ಲದೆ. "ದೊಡ್ಡ ಚುಕ್ಕಿ ಹಂಗಲ್ಲ," ಎಂದಿದ್ದರು ಅತ್ತೆ. "ಅದಕ್ಕೆ ಹಸಿವು ಜಾಸ್ತಿ. ತನ್ನನ್ನ ತಾನೇ ಬೇಗ ತಿಂದು ಮುಗಿಸ್ತದೆ. ಇನ್ನೊಸಿ ಮಂಜು ಹಾಕ್ದ್ರೋ, ಇನ್ನೂ ಬೇಗ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಮಧ್ಯಾಹ್ನ ಚೆಲುವಿ ಚಿಕ್ಕವ್ವನ ಸೊಂಟ ಹಿಡಿದುಕೊಂಡು ಹೊಳೆಗೆ ಬಟ್ಟೆ ಒಗೆಯಲು ಹೋದಳು. ನಾನೂ ಬರಲೇ ಎಂದು ಕೇಳಿದ್ದೆ. "ನೀನು ಹಾಲು ಕಾಯಬೇಕಲ್ಲ," ಅಂದಿದ್ದಳು ನನ್ನ ಮಗಳು. ನಾನು ಬಾವಿಗೆ ಹೋದೆ. ಊಟ ಮಾಡಿದ ಮುದ್ದಜ್ಜ ಟವಲ್ ಮುಖಕ್ಕೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಜೀವಮಾನಕ್ಕೆ ಒಂದೇ ಸಲ ಎಂಬ ಬೊಗಸೆಯನ್ನು ಎರಡನೆಯ ಸಲ ತುಂಬಿದೆ. ಮಡಿಲಲ್ಲಿ ಮುಚ್ಚಿಕೊಂಡು ಬಂದು, ಸಿಂಗಾರಿ ಬೆಳಿಗ್ಗೆ ಕೆಮ್ಮಣ್ಣು ಸಾರಿಸಿದ್ದ ಒಲೆಯ ದಿಂಡಿನ ಮೇಲೆ ಎಡಗೈ ಊರಿ, ಬಲಗೈಯಲ್ಲಿ ಮಡಿಲು ಕೊಡವಿದೆ. ಚುಕ್ಕಿ ಒಮ್ಮೆ ಭುಗ್ ಎಂದು ಎದ್ದಿತು. ಎಡಗೈ ಸುಟ್ಟಿತು. ಆಮೇಲೆ ಏನೂ ಆಗಲಿಲ್ಲ. ಮೊದಲಿನ ಹಾಗೇ ಬೆಳ್ಳಗೆ ಉರಿಯುತ್ತಿತ್ತು.

ಕೈಗೇನಾಯಿತು ಎಂದು ಕೇಳಿದವರಿಗೆಲ್ಲ ಗಂಜಿ ಚೆಲ್ಲಿತು ಎಂದೆ. ನನ್ನ ಒಲೆಯ ಮೇಲೆ ಗಂಜಿ ಆ ಹೊತ್ತಿಗೆ ಕೈ ಸುಡುವಷ್ಟು ಬಿಸಿಯಾಗಿರುವುದೇ ಇಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಸಿಂಗಾರಿ ಹಿತ್ತಲಿಗೆ ಹೋಗಿ ಲೋಳೆಸರ ಮುರಿದು ತಂದು, ನನ್ನ ಅಂಗೈಯನ್ನು ತನ್ನ ಮೊರದಂಥ ಕೈಯಲ್ಲಿಟ್ಟುಕೊಂಡು, ಬೆರಳು ಬೆರಳಿಗೆ ಹಚ್ಚಿದಳು.

ಮರುವರ್ಷ ಅವಳ ಚುಕ್ಕಿ ಕೆಂಪಗೆ ಊದತೊಡಗಿತು. ಅತ್ತೆಯದರ ಹಾಗೆ ಒಂದಿಷ್ಟು ಊದಿ ಸೊರಗುತ್ತದೆ ಎಂದುಕೊಂಡಿದ್ದೆ ನಾನು. ಅದು ಹಂಡೆಯಷ್ಟಾಯಿತು, ಗಾಡಿಯ ಚಕ್ರದಷ್ಟಾಯಿತು, ಒಲೆ ದಾಟಿ ಅಡುಗೆಮನೆ ತುಂಬಿತು. ಸಿಂಗಾರಿ ಅಂಗಳದಲ್ಲಿ ನಿಂತು ಕಿಟಕಿಯಿಂದ ಬರುವ ಕಾವಿನಲ್ಲಿ ರೊಟ್ಟಿ ಸುಡುತ್ತಿದ್ದಳು. ಅದನ್ನು ನೋಡಲು ದಿಬ್ಬಣದ ಹಾಗೆ ಜನ ಬಂದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಸಾಯುವುದರಲ್ಲೂ ಅವಳದೇ ಮೆರವಣಿಗೆ. ಕುಡಿಯಲು ನೀರು ಕೇಳಲು ಮಾತ್ರ ಅವರಿಗೆ ನನ್ನ ಅಡುಗೆಮನೆ ಬೇಕಾಗಿತ್ತು, ಅಲ್ಲಿ ತಂಪಾಗಿರುತ್ತದೆಂದು.

ಯುಗಾದಿಗೆ ಹತ್ತು ದಿನವಿತ್ತು. ಬೆಳಿಗ್ಗೆ ಸಿಂಗಾರಿ ರೊಟ್ಟಿ ಮುರಿದು ಮೂಸಿ ನೋಡಿ, "ಅತ್ತೆ, ತುಕ್ಕಿನ ವಾಸ್ನೆ," ಅಂದಳು. ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಒಲೇಲಿ ಕಬ್ಬಿಣ ಹುಟ್ತು ಅಂದ್ರೆ ಆಯ್ತು ಕಣವ್ವ. ಇನ್ನೊಂದು ಹಗಲು." ಮುದ್ದಜ್ಜನಿಗೆ ಹೇಳಿ ಕಳಿಸಿದೆವು. ಊರಿನ ಗಂಡಸರು ಅಡುಗೆಮನೆಯ ಹಿಂಗೋಡೆ ಕೆಡವಿ, ಕಲ್ಲಿನ ಬಾನಿಯಲ್ಲಿ ಅದನ್ನು ಎಳೆದುಕೊಂಡು ಹೋಗಿ ಬಾವಿಗೆ ಇಳಿಸಿದರು. ಎಲ್ಲರೂ ಬಾಗಿಲು ಹಾಕಿಕೊಂಡು, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಕೂತರು. ನಡು ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿದ್ದಾಗ, ಅದು ಸಿಡಿಯಿತು. ಬಟ್ಟೆಯೊಳಗಿಂದಲೂ ನನ್ನ ಬೆರಳಿನ ಎಲುಬು ನನಗೆ ಕಂಡವು.

ಆಮೇಲೆ ಬೂದಿ ಬಿತ್ತು. ಮಾರನೆಯ ದಿನ ಊರಿಗೆ ಊರೇ ಜರಡಿ ಹಿಡಿದುಕೊಂಡು ಬಂದು ಆರಿಸಿತು. ಇಳಿಗೆಮಣೆಗೆ, ಗುದ್ದಲಿಗೆ ಆಗುವಷ್ಟು ಕಬ್ಬಿಣ, ಹೆಣ್ಣುಮಕ್ಕಳ ತಾಳಿಗಾಗುವಷ್ಟು ಚಿನ್ನ. ಉಳಿದದ್ದೆಲ್ಲ ಬಾವಿಗೆ ಇಳಿದು ಮತ್ತೆ ಮಂಜಾಯಿತು. ವರ್ಷದಿಂದ ವರ್ಷಕ್ಕೆ ತಳ ಕಾಣುತ್ತಿದ್ದ ಬಾವಿ ಕಟ್ಟೆಯ ಮಟ್ಟಕ್ಕೆ ತುಂಬಿತು. ಇನ್ನು ಎರಡು ತಲೆಮಾರಿಗೆ ಮಂಜಿನ ಚಿಂತೆಯಿಲ್ಲ ಎಂದು ಮುದ್ದಜ್ಜ ಕುಣಿದಾಡಿದ. ಸಿಂಗಾರಿಯ ಒಲೆಯಲ್ಲಿ ಕಡೆಗೆ ಉಳಿದದ್ದು ಬಾವಿಯ ದಂಡೆಯಲ್ಲಿ ಸಿಕ್ಕಿ, ತಂದು ಹಾಕಿದ ಸಾಸಿವೆಯಷ್ಟು ಕಪ್ಪು ಕಾಳು. ಬುಗುರಿಯ ಹಾಗೆ ಸುತ್ತುತ್ತಿತ್ತು, ಟಿಕ್ ಟಿಕ್ ಅನ್ನುತ್ತಿತ್ತು. ಅದರ ಮೇಲೆ ಏನೂ ಬೇಯುವುದಿಲ್ಲ.

ನಾನು ಗೆದ್ದೆ ಎನ್ನಬೇಕು. ಆವತ್ತಿನಿಂದ ಮನೆಯ ಆರೂ ಜನ ನನ್ನ ಒಲೆಯ ಮುಂದೆ ಕೂತರು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗಾಯಿತು. ಆ ಯುಗಾದಿಗೆ ನನ್ನ ಹೆಂಚಿನ ಮೇಲೆ ಸಂಜೆಯ ಹೊತ್ತಿಗೆ ಬೆಂದದ್ದು ಆರು ಒಬ್ಬಟ್ಟು, ಬೀದಿಗೆ ಒಂದೂ ಇಲ್ಲ. ಸಿಂಗಾರಿ ಬೇಳೆಯನ್ನು ಹಿಂದಿನ ದಿನವೇ ನೆನೆಹಾಕುವುದು, ಅಕ್ಕಿಯನ್ನು ನುಚ್ಚು ಮಾಡುವುದು, ಮಡಕೆಗೆ ಕಂಬಳಿ ಸುತ್ತುವುದು ಎಲ್ಲ ಕಲಿತು ನನಗೂ ಕಲಿಸಿದಳು. ಹಾಲು ಉಕ್ಕುವ ತನಕ ನಾವಿಬ್ಬರೂ ಎದುರುಬದುರು ಕೂತಿರುತ್ತಿದ್ದೆವು. ಬಡಿಸಿದ್ದನ್ನು ಉಣ್ಣುತ್ತಿದ್ದಳು. ಇನ್ನೊಂದು ಸೌಟು ಬೇಕೆಂದು ಹತ್ತು ವರ್ಷದಲ್ಲಿ ಒಂದು ದಿನ ಕೇಳಲಿಲ್ಲ. ನಾನು ಕೊಂದ ಚುಕ್ಕಿಯ ಒಡತಿ ನನ್ನೆದುರು ತಲೆ ಬಗ್ಗಿಸಿ ಉಣ್ಣುವುದನ್ನು ನೋಡಿ ನೋಡಿ ನನಗೆ ತುತ್ತು ಇಳಿಯುತ್ತಿರಲಿಲ್ಲ. ಯಾರಾದರೂ ಬಾವಿಯ ಸುದ್ದಿ ಎತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಇಷ್ಟಾದರೂ ಚೆಲುವಿ ಕೂರುತ್ತಿದ್ದದ್ದು ಚಿಕ್ಕವ್ವನ ಪಕ್ಕದಲ್ಲಿಯೇ. ಉರಿಯಿದ್ದಾಗ ಉರಿಗೆ ಹೋಗುತ್ತಾಳೆಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಉರಿಯಿಲ್ಲ, ಒಲೆಯಿಲ್ಲ, ಹುಬ್ಬು ಸಹ ನೆಟ್ಟಗೆ ಬೆಳೆದಿರಲಿಲ್ಲ, ಆದರೂ ಅವಳೇ ಬೇಕು. ಇದಕ್ಕೇನು ಮಾಡುವುದು?

ಚೆಲುವಿಗೆ ಇಪ್ಪತ್ತಾದಾಗ ಮದುವೆ ನಿಶ್ಚಯವಾಯಿತು. ಗಂಡು ಕೆಳಬೀದಿಯ ಕಂಚುಗಾರರ ಮನೆಯವನು, ಒಬ್ಬನೇ ಮಗ. ಅತ್ತೆಯಿಲ್ಲದ ಮನೆ. ಅವಳ ಒಲೆಯೊಂದೇ ಆ ಮನೆಗೆ ಗತಿ. ಮದುವೆಗೆ ಎರಡು ದಿನವಿರುವಾಗ ಅವಳ ಕೈಗೆ ಮದರಂಗಿ ಹಚ್ಚುತ್ತಿದ್ದೆ. ಕೈ ನನ್ನದೇ. ಅದೇ ಗಿಡ್ಡ ಬೆರಳು, ಅದೇ ಅಂಗೈ. ಅವಳು ಮದರಂಗಿ ನೋಡುತ್ತಾ, "ಅವ್ವಾ, ಅಡಿಗೈ ಚಿಕ್ಕವ್ವ ಕೊಡ್ಲಿ," ಅಂದಳು.

"ಹೆತ್ತೋಳು ನಾನಿದ್ದೀನಿ ಕಣೇ."

"ನಿನ್ನ ಕೈಲಿ ಎಷ್ಟು ಹಿಡೀತದವ್ವ?"

ಮದರಂಗಿಯ ಬಟ್ಟಲು ಕೆಳಗಿಟ್ಟೆ. "ಒಲೆ ಕಳಕೊಂಡೋಳು ಮಂಜು ಮುಟ್ಟಂಗಿಲ್ಲ. ಶಾಸ್ತ್ರ ಒಪ್ಪಲ್ಲ," ಅಂದೆ. ಸುಳ್ಳಲ್ಲ ಅದು, ಊರಿನ ನಿಯಮವೇ. ಆದರೆ ಆ ನಿಯಮ ಇದೆಯಲ್ಲ ಎಂದು ನನಗಾದ ಸಂತೋಷ ಮಾತ್ರ ನನ್ನದೇ. ಚೆಲುವಿ ಎದ್ದು ಹಸಿ ಮದರಂಗಿಯ ಕೈಯನ್ನೇ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು.

ನಾನು ನೆಟ್ಟಗೆ ಮೋಟುಗೋಡೆ ದಾಟಿದೆ. ಸಿಂಗಾರಿ ತನ್ನ ಸತ್ತ ಒಲೆಯ ಮುಂದೆ ಕೂತು ಅವರೆಕಾಳು ಹಿದುಕುತ್ತಿದ್ದಳು. ಒಲೆಯೊಳಗೆ ಆ ಸಾಸಿವೆ ಕಾಳು ಟಿಕ್ ಟಿಕ್ ಅನ್ನುತ್ತಿತ್ತು.

"ನೀನೇ ತಾನೇ ಹೇಳ್ಕೊಟ್ಟಿದ್ದು?" ಅಂದೆ.

"ಏನಕ್ಕ?"

"ಅಡಿಗೈ ಕೊಡ್ತೀನಿ ಅಂತ. ಬೀದಿ ಜನಾನ ಕಿತ್ಕೊಂಡೆ, ಅತ್ತೇನ ಕಿತ್ಕೊಂಡೆ. ನನ್ನ ಮಗಳು ಹನ್ನೆರಡೊರ್ಸ ನನ್ನ ಮಗ್ಗುಲಲ್ಲಿ ನೆಟ್ಟಗೆ ಕೂರ್ನಿಲ್ಲ. ಮದುವೆ ದಿನ ಒಂದು ಕೈ ಹಿಡಿಯೋದಾದ್ರೂ ನಂಗೆ ಬುಡಬಾರದಾ?"

"ನಾನೇ ಬೇಡ ಅಂದಿದ್ದೀನಿ ಕಣಕ್ಕ. ನೆನ್ನೇನೇ ಅಂದೆ. ನನ್ನ ಕೈ ಕೊಟ್ರೆ ಅವಳ ಗತಿ ಏನು? ಒಂಬತ್ತು ವರ್ಷ ಬೀದೀಗೆಲ್ಲ ಬೇಯಿಸಿ, ಆಮೇಲೆ ಬಟ್ಟಲು ಹಿಡ್ಕೊಂಡು ಯಾರ ಒಲೆ ಮುಂದೆ ಕೂತ್ಕೊಬೇಕು? ಆ ಮನೇಲಿ ಇನ್ನೊಂದು ಒಲೇನೂ ಇಲ್ಲ."

ಸರಿಯಾದ ಮಾತು. ನನಗೆ ಇನ್ನೂ ಸಿಟ್ಟು ಬಂತು. "ಒಳ್ಳೆಯೋಳ ಥರ ಆಡ್ಬೇಡ ನೀನು. ನನ್ನದು ಅನ್ನೋದನ್ನೆಲ್ಲ ತಿಂದ್ಬುಟ್ಟು!"

ಅವಳು ಕಾಳಿನ ಮೊರ ಪಕ್ಕಕ್ಕಿಟ್ಟಳು. ನಾನು ಅವಳನ್ನು ಸಿಟ್ಟಿನಲ್ಲಿ ನೋಡಿದ್ದು ಅದೇ ಮೊದಲು. ಎದ್ದು ಅಟ್ಟದಿಂದ ಒಂದು ಬಟ್ಟೆಗಂಟು ಇಳಿಸಿ, ಬಿಚ್ಚಿ, ನನ್ನ ಮುಂದಿಟ್ಟಳು. ಬಿಲ್ಲೆಯ ಹಾಗಿದ್ದ ಒಂದು ಸುಟ್ಟ ಮಣ್ಣಿನ ತುಂಡು. ಅವಳ ಒಲೆಯ ದಿಂಡಿನದು. ಅದರ ಮೇಲೆ ನಾಲ್ಕು ಬೆರಳು, ಒಂದು ಅರ್ಧ ಅಂಗೈ ಅಚ್ಚೊತ್ತಿತ್ತು. ರೇಖೆ ಸಹ ಎದ್ದು ಕಾಣುತ್ತಿತ್ತು.

"ಹೊಳೆಯಿಂದ ಬಂದು ನೋಡ್ದೆ. ಬೆಳಗ್ಗೆ ಸಾರ್ಸಿದ ಹಸಿ ಮಣ್ಣು, ಇಟ್ಟಿಗೆ ಥರ ಸುಟ್ಟೋಗಿತ್ತು. ಇಷ್ಟು ಸಣ್ಣ ಬೆರಳು ಈ ಊರಲ್ಲಿ ಇನ್ಯಾರಿಗದೆ ಹೇಳು? ಚೆಲುವಿಗೆ ಅದೆ, ಅವಳು ನನ್ ಜೊತೇಲಿದ್ಲು."

ಅವಳ ಒಲೆಯ ಮುಂದೆಯೇ ಕುಸಿದು ಕೂತೆ. "ಗೊತ್ತಿದ್ದೂ ಲೋಳೆಸರ ಹಚ್ದೆಯಾ?" ಎಂದಷ್ಟೇ ಕೇಳಲಾಯಿತು.

"ಬೊಬ್ಬೆ ಎದ್ದಿತ್ತಲ್ಲ," ಅಂದಳು, ಇದೆಂಥ ಪ್ರಶ್ನೆ ಎನ್ನುವ ಹಾಗೆ.

ನಾನು ಅತ್ತುಬಿಟ್ಟೆ. ಹತ್ತು ವರ್ಷದ್ದು ಒಟ್ಟಿಗೆ ಬಂತು. ನಿನ್ನ ಒಲೆ ಕೊಂದವಳು ನಾನು, ಪಾಪಿ, ನನ್ನ ಕೈ ಕತ್ತರಿಸು ಎಂದೆಲ್ಲ ಅಂದೆ. ಅವಳು ಮತ್ತೆ ಮೊರ ಎಳೆದುಕೊಂಡು ಕಾಳು ಹಿದುಕುತ್ತಾ, "ನೀನೇನೂ ಕೊಲ್ನಿಲ್ಲ ಬುಡಕ್ಕ," ಅಂದಳು. "ಮುದ್ದಜ್ಜನ್ನ ಕೇಳಿದ್ದೆ. ಸಣ್ಣದೊಂದು ಬೊಗಸೆ ಹೆಚ್ಚಿಗೆ ಬಿದ್ರೆ ನನ್ನಂಥಾ ಚುಕ್ಕೀಗೆ ಎಷ್ಟು ಕಮ್ಮಿಯಾಯ್ತದೆ ಅಂತ. ಬೆರಳು ಮಡಚಿ ಹೇಳ್ದ. ಹನ್ನೊಂದು ದಿನ."

"ಹನ್ನೊಂದು ದಿನ?"

"ಅಷ್ಟೆಯ. ಉಳಿದಿದ್ದಕ್ಕೆಲ್ಲ ನನ್ನ ಬೊಗಸೆನೇ ಕಾರಣ. ತುಂಬ ದೊಡ್ಡದಾಗೋಯ್ತು."

ಹತ್ತು ವರ್ಷ ನಾನು ತುತ್ತು ನುಂಗಲಾರದೆ ಕೂತದ್ದು ಹನ್ನೊಂದು ದಿನಕ್ಕೆ. ಕೊಲೆ ಎಂದುಕೊಂಡಿದ್ದೆ, ಅದೂ ನನ್ನ ಕೈಯಿಂದ ಆಗಿರಲಿಲ್ಲ. ನಗು ಬಂತು, ಅವಮಾನವಾಯಿತು, ಯಾವುದು ಮೊದಲು ಎಂದು ಹೇಳಲಾರೆ. ಕಣ್ಣು ಒರೆಸಿಕೊಂಡು, "ಹಂಗಾದ್ರೆ ಈ ಮಣ್ಣು ಯಾಕೆ ಎತ್ತಿಟ್ಟಿದ್ದೀಯ?" ಎಂದು ಕೇಳಿದೆ.

ಅವಳ ಬೆರಳು ನಿಂತವು. "ಅದು ಸಿಡಿದಾಗ ಯುಗಾದಿಗೆ ಹತ್ತು ದಿನ ಇತ್ತಲ್ಲಕ್ಕ. ಕಡೇದೊಂದು ಸಲ ಬೀದೀಗೆಲ್ಲ ಒಬ್ಬಟ್ಟು ಬೇಯಿಸ್ಬೇಕು ಅಂತಿದ್ದೆ. ಬೇಳೆ ಆರಿಸಿ ಡಬ್ಬೀಗೆ ಹಾಕಿದ್ದೆ." "ಅದೊಂದು ಮಾತ್ರ ಮರೆಯೋಕಾಗ್ನಿಲ್ಲ," ಅಂದಳು.

ನಾನು ಮೊರದ ಇನ್ನೊಂದು ಬದಿಗೆ ಕೂತು ಕಾಳು ಹಿದುಕತೊಡಗಿದೆ.

ಮದುವೆಯ ಬೆಳಿಗ್ಗೆ ಊರೆಲ್ಲ ಬಾವಿಯ ಸುತ್ತ ನಿಂತಿತ್ತು. ಮುದ್ದಜ್ಜನಿಗೆ ಈಗ ಕಣ್ಣು ಮಂಜು, ಕೋಲು ಊರಿಕೊಂಡು ನಿಂತಿದ್ದ. ಚೆಲುವಿ ಬಗ್ಗಿದಳು. ನನ್ನ ಕಡೆ ನೋಡಲಿಲ್ಲ. ಸಿಂಗಾರಿ ಗುಂಪಿನ ಕಡೆಯ ಸಾಲಿನಲ್ಲಿ ನಿಂತಿದ್ದಳು. ಒಲೆ ಕಳೆದುಕೊಂಡವರು ನಿಲ್ಲುವ ಜಾಗ ಅದು. "ಅಡಿಗೈ!" ಎಂದು ಮುದ್ದಜ್ಜ ಕೂಗಿದ.

ನಾನು ಹೋಗಿ ಮಗಳ ಕೈಯ ಕೆಳಗೆ ಕೈ ಹಿಡಿದೆ. ಚಿಕ್ಕ ಬೊಗಸೆಯ ಕೆಳಗೆ ಚಿಕ್ಕ ಬೊಗಸೆ. ಕೆಳಬೀದಿಯ ಆ ಮನೆಯಲ್ಲಿ ನನ್ನ ಮಗಳು ಹಾಲು ಉಕ್ಕುವುದನ್ನು ಕಾಯುತ್ತಾ, ಗಂಡ ಹಸಿದುಕೊಂಡು ಬಾಗಿಲಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿತು. ಅವಳೂ ಒಂದು ದಿನ ಯಾರದೋ ಬೆಳ್ಳನೆಯ ಒಲೆಯನ್ನು ನೋಡಿ ಮಡಿಲಲ್ಲಿ ಮಂಜು ಕದಿಯುತ್ತಾಳೆ ಎನಿಸಿತು. ಬಲಗೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಸಿಂಗಾರೀ, ಬಾ ಇಲ್ಲಿ. ಒಂದು ಕೈ ಕೊಡು. ಒಂದೇ."

ಜನ ಗುಜುಗುಜು ಎಂದರು. ಮುದ್ದಜ್ಜ ಕೋಲು ಅಡ್ಡ ಹಿಡಿದ. "ಒಲೆ ಕಳಕೊಂಡೋಳು ಮುಟ್ಟಂಗಿಲ್ಲ ಪುಟ್ಟತಾಯಿ. ನಿಂಗೂ ಗೊತ್ತದೆ."

"ಬಾವಿ ತುಂಬ ಇರೋದು ಯಾರ ಒಲೆ ಬೂದಿ ಅಜ್ಜ?" ಅಂದೆ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೂ ಗೊತ್ತಿರಲಿಲ್ಲ. "ಇಲ್ಲಿ ನಿಂತಿರೋರ ಕತ್ತಿನ ತಾಳಿ ಯಾರ ಒಲೇದು? ಮನೇಲಿರೋ ಇಳಿಗೆಮಣೆ ಯಾರ ಒಲೇದು? ಅವಳು ಮುಟ್ಟಬಾರದು ಅಂದ್ರೆ ಈ ಮಂಜನ್ನ ಯಾರೂ ಮುಟ್ಟಬಾರದು. ಎಲ್ಲಾ ಮನೇಗೆ ಹೋಗಿ."

ಯಾರೂ ಹೋಗಲಿಲ್ಲ. ಮುದ್ದಜ್ಜನ ಕೋಲು ನಿಧಾನವಾಗಿ ಕೆಳಗಿಳಿಯಿತು. ಸಿಂಗಾರಿ ಬಂದಳು. ನನ್ನ ಎಡಗೈ, ಅವಳ ಬಲಗೈ. ಎರಡು ಸೇರಿಸಿ ಒಂದು ವಾರೆಕೋರೆ ಬೊಗಸೆಯಾಯಿತು. ಯಾಕೆ ಒಂದೇ ಕೈ ಅಂದೆ ಎಂದು ಆಮೇಲೆ ಎಲ್ಲರೂ ಕೇಳಿದರು. ಅವಳ ಎರಡೂ ಕೈಯಾದರೆ ಒಂಬತ್ತು ವರ್ಷಕ್ಕೆ ಮುಗಿಯುತ್ತದೆ, ನನ್ನವೆರಡಾದರೆ ಊದುಬತ್ತಿ, ಅದಕ್ಕೆ, ಎಂದೆ. ಜನ ಭೇಷ್ ಅಂದರು. ಅದು ನಿಜವೇ. ಆದರೆ ಎರಡೂ ಕೈ ಅವಳಿಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ ಎನ್ನುವುದೂ ನಿಜ. ಚೆಲುವಿ ಎತ್ತಿದಳು. ತುಳುಕಿದ್ದು ನಮ್ಮ ಕೈಗೆ ತಣ್ಣಗೆ ಬಿತ್ತು. ಅವಳ ಕಡೆಗೇ ಹೆಚ್ಚು ಬಿತ್ತು, ನಾನು ನೋಡಿದೆ.

ಮೂರನೆಯ ದಿನ ಕೆಳಬೀದಿಗೆ ಹೋದೆವು. ಚೆಲುವಿಯ ಒಲೆಯಲ್ಲಿ ನಿಂಬೆಹಣ್ಣಿನಂಥ ಹಳದಿ ಚುಕ್ಕಿ ಹೊತ್ತಿಕೊಂಡಿತ್ತು. ನಮ್ಮತ್ತೆಯದು ಇದ್ದ ಹಾಗೆಯೇ, ಕೊಂಚ ಚಿಕ್ಕದು. ಐವತ್ತು ವರ್ಷಕ್ಕೆ ಮೋಸವಿಲ್ಲ ಎಂದು ಮುದ್ದಜ್ಜ ಹೇಳಿ ಕಳಿಸಿದ್ದ. ಅದರ ಮುಂದೆ ಹುಬ್ಬು ಸುಟ್ಟುಕೊಳ್ಳದೆ ಕೂರಬಹುದಿತ್ತು, ಎದ್ದು ಹೋಗುವಷ್ಟು ತಡವೂ ಇರಲಿಲ್ಲ. ಹಾಲಿಟ್ಟಳು. ನಾನೂ ಸಿಂಗಾರಿಯೂ ಗೋಡೆಗೆ ಒರಗಿ ಕೂತು ನಾಲ್ಕು ಮಾತು ಆಡುವಷ್ಟರಲ್ಲಿ ಉಕ್ಕಿತು.

ಚೆಲುವಿ ಎರಡು ಲೋಟ ತಂದಳು. ಒಂದನ್ನು ನನಗೆ ಕೊಟ್ಟಳು, ಒಂದನ್ನು ಸಿಂಗಾರಿಗೆ ಕೊಟ್ಟಳು. ಮೊದಲು ನನಗೇ ಕೊಟ್ಟಳು, ಅದನ್ನು ಹೇಳಲೇಬೇಕು. ನನ್ನ ಮಗಳ ಒಲೆಯ ಮೊದಲ ಹಾಲು, ಕಣ್ಣು ತುಂಬಿ ಬಂತು. ಆ ತುಂಬಿದ ಕಣ್ಣಿನಲ್ಲಿಯೇ, ಸುಳ್ಳೇಕೆ ಹೇಳಲಿ, ಯಾವ ಲೋಟದಲ್ಲಿ ಹಾಲು ಹೆಚ್ಚಿದೆ ಎಂದು ನೋಡಿದೆ. ಅವಳದರಲ್ಲಿ ಒಂದು ಬೆರಳು ಹೆಚ್ಚಿತ್ತು.

ಸಿಂಗಾರಿ ನನ್ನ ಮುಖ ನೋಡಿದಳು. ತನ್ನ ಲೋಟ ನನ್ನ ಮುಂದೆ ಸರಿಸಿ, ನನ್ನದನ್ನು ತೆಗೆದುಕೊಂಡು ಕುಡಿದಳು.